ಸ್ಕಾಟ್ಲೆಂಡಿನ ತಿದಿಗೊಳಲು

ನನಗೆ ದಣಿವಾಗಿದೆ. ಇಷ್ಟು ಚಿಕ್ಕ ವಾಕ್ಯವನ್ನು ಬರೆಯುವ ಮುನ್ನವೂ, 'ನನಗೆ ದಣಿವಾಗಿದೆ' ಎನ್ನುವುದು ಸರಿಯೋ 'ನಾನು ದಣಿದಿದ್ದೇನೆ' ಎನ್ನುವುದು ಸರಿಯೋ, ಮೊದಲನೆಯದರಲ್ಲಿ ದಣಿವೇ ಕರ್ತೃಪದವಾಗುವುದರಿಂದ ನನ್ನ ಹೊಣೆ ತುಸು ಕಡಿಮೆಯಾಗುತ್ತದಲ್ಲವೇ ಎಂದು ಕಾಫಿ ಆರುವವರೆಗೆ ಯೋಚಿಸುತ್ತ ಕುಳಿತಿದ್ದೆ. ದಣಿವಿನ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಮಂಡಿನೋವು ಇರುತ್ತದೆ. ನನಗೆ ಕಾಗುಣಿತ ಇದೆ. ರಸ್ತೆಯಲ್ಲಿ ಇತರರು ಗುಂಡಿ ನೋಡಿಕೊಂಡು ನಡೆಯುತ್ತಾರೆ, ನಾನು ಅಂಗಡಿಗಳ ಫಲಕ ನೋಡಿಕೊಂಡು ನಡೆಯುತ್ತೇನೆ. ಆದ್ದರಿಂದ ಗುಂಡಿಗೆ ಬೀಳುತ್ತೇನೆ. ಜಗಳೂರಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅಲ್ಲಿನ ಒಂದು ಖಾನಾವಳಿಯ ಮುಂದೆ 'ಶುದ್ದ ಸಸ್ಯಹಾರಿ' ಎಂಬ ಫಲಕವಿತ್ತು. 'ಶುದ್ಧ'ಕ್ಕೆ ಒತ್ತಕ್ಷರ ತಪ್ಪಿದ್ದನ್ನು ಹಸಿವಿನ ಭರದಲ್ಲಿ ಕ್ಷಮಿಸಬಹುದಾಗಿತ್ತು. ಆದರೆ 'ಸಸ್ಯಹಾರಿ' ಎಂದರೆ ಗಿಡ ಕದಿಯುವವನು ಎಂದಾಗುತ್ತದೆ, ದಯವಿಟ್ಟು ಒಂದು ದೀರ್ಘ ಹಾಕಿಸಿ ಎಂದು ಗಲ್ಲಾದಲ್ಲಿ ಕುಳಿತಿದ್ದ ಮಾಲೀಕರಿಗೆ ವಿವರಿಸತೊಡಗಿದೆ. ಅವರು ಶಾಂತವಾಗಿ, "ಅಕ್ಕಾರೆ, ಊಟ ಮಾಡಾಕೆ ಬಂದೀರೋ ಪರೀಕ್ಷೆ ಮಾಡಾಕೆ ಬಂದೀರೋ, ಯಾವುದಾದ್ರೂ ಒಂದು ಹೇಳಿಬಿಡ್ರಿ. ಒಳಗೆ ರೊಟ್ಟಿ ಆರ್ತಾವೆ" ಎಂದರು. ಯಾವುದಾದರೂ ಒಂದನ್ನು ಹೇಳಿಬಿಡಲು ನನ್ನಿಂದ ಆಗಲಿಲ್ಲ. ಆರಿದ ರೊಟ್ಟಿಯನ್ನೇ ತಿಂದೆ.

ಜಗಳೂರು, ಚನ್ನಗಿರಿ, ಹೊನ್ನಾಳಿ ಎಂದು ಮೂರು ಊರುಗಳ ಪ್ರೌಢಶಾಲೆಗಳಲ್ಲಿ ಇಪ್ಪತ್ತನಾಲ್ಕು ವರ್ಷ ಕನ್ನಡ ಕಲಿಸಿದ ಮೇಲೆ ನನ್ನ ಗಂಟಲು ಕೈಕೊಟ್ಟಿತು. ದಾವಣಗೆರೆಯ ವೈದ್ಯರು ಒಂದು ಸಣ್ಣ ಕನ್ನಡಿಯನ್ನು ಬಾಯೊಳಗೆ ಇಳಿಸಿ ನೋಡಿ, ಇನ್ನು ಕೂಗುವ ಕೆಲಸ ಬೇಡ ಎಂದು ತೀರ್ಪು ಕೊಟ್ಟರು. ಸ್ವಯಂ ನಿವೃತ್ತಿ ಪಡೆದೆ. ನಿವೃತ್ತಿ ಸಿಕ್ಕಿದ್ದು ಗಂಟಲಿಗೆ ಮಾತ್ರ. ಕೆಂಪು ಪೆನ್ನಿಗೆ ಸಿಗಲಿಲ್ಲ. ಹೊನ್ನಾಳಿಯ ಸುತ್ತಮುತ್ತ ಯಾರ ಮನೆಯ ಮದುವೆಯ ಕರೆಯೋಲೆಯಾಗಲಿ, ಗೃಹಪ್ರವೇಶದ ಪತ್ರಿಕೆಯಾಗಲಿ, ಅಚ್ಚಿಗೆ ಹೋಗುವ ಮುನ್ನ ನಮ್ಮ ಮನೆಯ ಟೀಪಾಯಿಯ ಮೇಲೆ ಒಂದು ರಾತ್ರಿ ತಂಗಿಯೇ ಹೋಗಬೇಕೆಂಬುದು ಹೇಗೋ ರೂಢಿಯಾಗಿಬಿಟ್ಟಿದೆ. ಔಷಧಿ ಅಂಗಡಿ ಇಟ್ಟಿರುವ ನಮ್ಮ ಯಜಮಾನರು ಇದನ್ನು ಬಹಳ ದಿನ ನೋಡಿ, ಒಮ್ಮೆ ಊಟಕ್ಕೆ ಕುಳಿತಾಗ ಹೇಳಿದರು: "ನನ್ನ ಅಂಗಡಿಗೆ ಬರೋರೂ ಚೀಟಿ ತರ್ತಾರೆ, ನಿನ್ನ ಹತ್ರ ಬರೋರೂ ಚೀಟಿ ತರ್ತಾರೆ. ನನ್ನ ಹತ್ರ ಬಂದೋರು ಗುಣ ಆಗಿ ಹೋಗ್ತಾರೆ. ನಿನ್ನ ಹತ್ರ ಬಂದೋರ ಮುಖ ನೋಡಾಕಾಗಲ್ಲ." ಅವರ ಮಾತಿನಲ್ಲಿ ವ್ಯಾಕರಣದೋಷ ಹುಡುಕಿದೆ. ಆಡುಮಾತಿಗೆ ದೋಷ ಹಚ್ಚಬಾರದೆಂದು ನಾನೇ ಪಾಠ ಮಾಡಿದ್ದರಿಂದ ಸಾರು ಬಡಿಸಿದೆ.

ಹೀಗಿರುವಾಗ ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನ್ಯಾಮತಿಯ ಒಂದು ಖಾಸಗಿ ಶಾಲೆಯ ಕಾರ್ಯದರ್ಶಿ ಮಹೇಶ್ವರಪ್ಪನವರು ಕಾರಿನಲ್ಲಿ ಬಂದಿಳಿದರು. ಈ ಶಾಲೆಯ ವಾರ್ಷಿಕೋತ್ಸವ ಇತರ ಶಾಲೆಗಳದ್ದರಂತಲ್ಲ. ಪ್ರತಿ ವರ್ಷ ಒಂದು ದೇಶದ ಹೆಸರನ್ನು ಚೀಟಿ ಎತ್ತಿ ಆರಿಸುತ್ತಾರೆ; ಅದರ ಉಡುಗೆ, ಊಟ, ಹಾಡು, ಕುಣಿತಗಳನ್ನೆಲ್ಲ ಮಕ್ಕಳಿಂದ ಮಾಡಿಸಿ 'ಪರಂಪರಾ ಉತ್ಸವ' ಎಂದು ಕರೆಯುತ್ತಾರೆ. ಜಪಾನಿನ ವರ್ಷ ಇಡೀ ನ್ಯಾಮತಿಯಲ್ಲಿ ಹೂವಿನ ಚಿತ್ರವಿದ್ದ ನೈಟಿಗಳು ಸಿಗದೆ ಹೋಗಿದ್ದವು. ರಷ್ಯಾದ ವರ್ಷ ಮಕ್ಕಳೆಲ್ಲ ಮಂಕಿ ಟೋಪಿ ಹಾಕಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಬೆವರಿದ್ದರು. ಈ ಸಲ ಸ್ಕಾಟ್ಲೆಂಡಿನ ಚೀಟಿ ಬಂದಿತ್ತು. ಅಲ್ಲಿ ಗಂಡಸರು ಚೌಕುಳಿಯ ಲಂಗದಂಥದ್ದನ್ನು ಉಡುತ್ತಾರೆಂದು ಮೊಬೈಲಿನಲ್ಲಿ ನೋಡಿ, ಎಂಟನೆಯ ತರಗತಿಯ ಹುಡುಗರಿಗೆ ಅದೇ ಶಾಲೆಯ ಹುಡುಗಿಯರ ಸಮವಸ್ತ್ರದ ಕೆಂಪು ಚೌಕುಳಿ ಲಂಗವನ್ನು ತೊಡಿಸುವುದೆಂದು ನಿರ್ಧರಿಸಿದ್ದರು. ಒಬ್ಬ ತಂದೆ ಬಂದು, "ಅವನ ತಂಗಿ ಅವತ್ತು ಏನು ಹಾಕ್ಕಂಡು ಬರಬೇಕು, ಅದೊಂದು ಹೇಳ್ರಿ ಸಾಕು" ಎಂದು ಕೇಳಿ ಹೋಗಿದ್ದನಂತೆ.

ಮಹೇಶ್ವರಪ್ಪನವರ ಹಿಂದೆ ನೆಟ್ಟಗೆ ನಿಂತವರೊಬ್ಬರಿದ್ದರು. ಕುಳಿತುಕೊಳ್ಳಿ ಎಂದು ಹೇಳುವವರೆಗೆ ಕುಳಿತುಕೊಳ್ಳಲಿಲ್ಲ. ಸಾಸ್ವೆಹಳ್ಳಿಯವರು, ಹವಾಲ್ದಾರ್ ರುದ್ರಪ್ಪ. ಸೈನ್ಯದ ಬ್ಯಾಂಡಿನಲ್ಲಿ ಹದಿನೇಳು ವರ್ಷ ಸ್ಕಾಟ್ಲೆಂಡಿನ ವಾದ್ಯವನ್ನು ನುಡಿಸಿ ನಿವೃತ್ತರಾಗಿ ಬಂದವರು. ಮಡಿಲಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು. ಮಲಗಿದ ಕೂಸನ್ನು ಹಿಡಿದುಕೊಳ್ಳುವಂತೆ ಅದನ್ನು ಹಿಡಿದುಕೊಂಡಿದ್ದರು.

"ಇವ್ರದ್ದೇ ಮೇಡಂ ಮುಖ್ಯ ಕಾರ್ಯಕ್ರಮ" ಎಂದರು ಮಹೇಶ್ವರಪ್ಪ. "ಪೇರೆಂಟ್ಸು ಕೇಳಿ ಮೆಚ್ಚಿದ್ರೆ ಜೂನಿನಿಂದ ನಮ್ಮ ಸ್ಕೂಲಿನಾಗೆ ಬ್ಯಾಂಡ್ ಮೇಷ್ಟ್ರು ಕೆಲಸ ಇವ್ರಿಗೇ ಅಂತ ಕಮಿಟಿನಾಗೆ ಮಾತಾಗೈತೆ. ಮೆಚ್ಚಲಿಲ್ಲ ಅಂದ್ರೆ ಡ್ರಮ್ಮು ಬಾರಿಸಾಕೆ ಪಿ.ಟಿ. ಮೇಷ್ಟ್ರು ಹೆಂಗೂ ಅದಾರೆ."

ರುದ್ರಪ್ಪ ನನ್ನ ಕಡೆಗೆ ತಿರುಗಿ ಮೆಲ್ಲಗೆ ಹೇಳಿದರು: "ಊರಿಗೆ ಬಂದು ಮೂರು ವರ್ಷಾತು ಅಕ್ಕಾರೆ. ಮನ್ಯಾಗೆ ಊದಿದ್ರೆ ಎಮ್ಮೆ ಹಾಲು ಕೊಡಲ್ಲ ಅಂತಾಳೆ ನಮ್ಮಾಕೆ. ಹೊಳೆ ದಂಡ್ಯಾಗೆ ಊದಿದ್ರೆ ಮೀನು ಓಡ್ತಾವೆ ಅಂತ ಗಾಳ ಹಾಕೋರು ಬೈತಾರೆ. ಹಂಗಂತ ಊದದೆ ಇಟ್ರೆ ಇದು ಒಣಗ್ತೈತೆ. ಇದು ಒಣಗಿದ್ರೆ ನಾನೂ ಒಣಗ್ತೀನಿ. ನಾಲ್ಕು ಹುಡುಗ್ರಿಗೆ ಕಲಿಸಾಕೆ ಒಂದು ಜಾಗ ಸಿಕ್ರೆ ಸಾಕು ನೋಡ್ರಿ."

ಇವರಿಬ್ಬರೂ ನನ್ನಲ್ಲಿಗೆ ಬಂದಿದ್ದು ಒಂದು ಪದಕ್ಕಾಗಿ. ವಾದ್ಯದ ಇಂಗ್ಲಿಷ್ ಹೆಸರು ಬ್ಯಾಗ್‌ಪೈಪ್. ಉತ್ಸವದ ಆಹ್ವಾನಪತ್ರಿಕೆಯ ಕರಡಿನಲ್ಲಿ ಅದನ್ನೇ ಹಾಕಿದ್ದರು. ಆದರೆ ಸಂಜೆಯ ಹೊತ್ತು ಕೆಲವರು ಕೌಂಟರಿನ ಮುಂದೆ ನಿಂತು ಕೇಳುವ ಒಂದು ಬಾಟಲಿಯ ಹೆಸರಿಗೆ ಅದು ತೀರ ಹತ್ತಿರದಲ್ಲಿದೆ ಎಂಬುದು ಕಾರ್ಯದರ್ಶಿಗಳ ಚಿಂತೆ. "ಈ ಹೆಸರು ಹಾಕಿದ್ರೆ ಜನ ಬರ್ತಾರೆ ಮೇಡಂ, ನಾನು ಇಲ್ಲ ಅನ್ನಲ್ಲ. ಬೇರೆ ಆಸೆ ಇಟ್ಕಂಡು ಬರ್ತಾರೆ. ಅದ್ಕೆ ಕನ್ನಡದಾಗೆ ಒಂದು ಒಳ್ಳೆ ಹೆಸರು ಕೊಡ್ರಿ."

ಕನ್ನಡದಲ್ಲಿ ಒಂದು ಹೆಸರು ಕೊಡಿ ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು. ಇಷ್ಟು ವರ್ಷ ಇದ್ದ ಪದಗಳನ್ನು ತಿದ್ದಿದ್ದೆನೇ ಹೊರತು ಇಲ್ಲದ ಪದವನ್ನು ಹುಟ್ಟಿಸಿರಲಿಲ್ಲ. ರುದ್ರಪ್ಪನವರಿಗೆ ಗಂಟು ಬಿಚ್ಚಿ ತೋರಿಸಲು ಹೇಳಿದೆ. ಒಂದು ಚೀಲ, ಅದಕ್ಕೆ ಗಾಳಿ ತುಂಬಲು ಒಂದು ಕೊಳವೆ, ಬೆರಳಾಡಿಸಿ ನುಡಿಸಲು ಇನ್ನೊಂದು, ಹೆಗಲ ಮೇಲೆ ಒರಗಿ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುವ ಮೂರು ಉದ್ದನೆಯ ಕೊಳವೆಗಳು. ಕಂಕುಳಲ್ಲಿ ಚೀಲವನ್ನು ಒತ್ತಿದರೆ ಗಾಳಿ ಕೊಳವೆಗಳಿಗೆ ನುಗ್ಗುತ್ತದೆ. ನೋಡುತ್ತಿದ್ದಂತೆ ನನಗೆ ಕಮ್ಮಾರನ ಕುಲುಮೆ ನೆನಪಾಯಿತು. ಕುಲುಮೆಯಲ್ಲಿ ಗಾಳಿಯೊತ್ತುವ ಚರ್ಮದ ಚೀಲಕ್ಕೆ ಕನ್ನಡದಲ್ಲಿ 'ತಿದಿ' ಎಂಬ ಅಪ್ಪಟ ದೇಶ್ಯಪದವಿದೆ. ತಿದಿಗೆ ಕೊಳಲು ಸೇರಿದರೆ, ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ, ಕಕಾರಕ್ಕೆ ಗಕಾರ ಆದೇಶವಾಗಿ 'ತಿದಿಗೊಳಲು'. ಎರಡೂ ಕನ್ನಡದ ಪದಗಳು, ಸಂಧಿ ನಿರ್ದುಷ್ಟ, ಅರ್ಥ ಗಾಜಿನಷ್ಟು ಸ್ಪಷ್ಟ. ಗಟ್ಟಿಯಾಗಿ ಹೇಳಿ ನೋಡಿದೆ. ಮಹೇಶ್ವರಪ್ಪನವರು ಹೌದೌದು ಎಂದರು. ರುದ್ರಪ್ಪನವರು ಅದನ್ನು ಎರಡು ಸಲ ಬಾಯೊಳಗೇ ಹೇಳಿಕೊಂಡು, "ಚಂದ ಐತೆ ಅಕ್ಕಾರೆ. ನನಗೆ ಅರ್ಥ ಆಗಲಿಲ್ಲ, ಆದ್ರೂ ಚಂದ ಐತೆ" ಎಂದರು. ಆ ದಿನ ನನಗೆ ದಣಿವಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಇಡೀ ಕರಡನ್ನು ತಿದ್ದಿ, ಹೊಸ ಪದವನ್ನು ಒಂದು ಪ್ರತ್ಯೇಕ ಹಾಳೆಯಲ್ಲಿ ದುಂಡಗೆ ಬರೆದು, ಹೊನ್ನಾಳಿಯ ಬಸ್ ನಿಲ್ದಾಣದ ಹಿಂದೆ ಮುದ್ರಣದ ಅಂಗಡಿ ಇಟ್ಟಿರುವ ಮಂಜುನಾಥನಿಗೆ ಕಳುಹಿಸಿದೆ. ಮಂಜುನಾಥ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ತಲೆಯೂ ನರೆತಿದೆ, ಆದರೆ ನನ್ನನ್ನು ಕಂಡರೆ ಇವತ್ತಿಗೂ ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಮುಚ್ಚಿಡುತ್ತಾನೆ. ಸಾಮಾನ್ಯವಾಗಿ ಕೊನೆಯ ಕರಡನ್ನು ನಾನೇ ಹೋಗಿ ನೋಡಿ, ಅಂಚಿನಲ್ಲಿ ಸಹಿ ಹಾಕಿದ ಮೇಲೆಯೇ ಯಂತ್ರ ತಿರುಗುವುದು. ಆ ವಾರ ಚನ್ನಗಿರಿಯಲ್ಲಿ ನಮ್ಮ ಅಕ್ಕನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಅವಳ ಕಣ್ಣಿಗೆ ಹನಿ ಹಾಕುತ್ತ ಹತ್ತು ದಿನ ಅಲ್ಲೇ ಉಳಿದೆ. ಬೇರೆಯವರ ಕಣ್ಣನ್ನು ನೋಡಿಕೊಳ್ಳಲು ಹೋಗಿ ನನ್ನ ಕಣ್ಣನ್ನು ಎಲ್ಲಿ ಇಡಬೇಕಿತ್ತೋ ಅಲ್ಲಿ ಇಡಲಾಗಲಿಲ್ಲ. ಉತ್ಸವದ ದಿನ ಚನ್ನಗಿರಿಯಿಂದ ಎರಡು ಬಸ್ಸು ಬದಲಾಯಿಸಿ ನೇರವಾಗಿ ನ್ಯಾಮತಿಯಲ್ಲಿ ಇಳಿದೆ.

ಮಧ್ಯಾಹ್ನ ನಾಲ್ಕು ಗಂಟೆಗೆ ಶಾಲೆಯ ಬಯಲಿನಲ್ಲಿ ಜನ ಸೇರಿದ್ದರು. ಹೋದ ವರ್ಷಗಳಿಗಿಂತ ಹೆಚ್ಚೇ ಸೇರಿದ್ದರು. ಆದರೆ ಏನೋ ಸರಿಯಿರಲಿಲ್ಲ. ವಾರ್ಷಿಕೋತ್ಸವವೆಂದರೆ ತಾಯಂದಿರು ಜರಿ ಸೀರೆ ಉಟ್ಟು, ಹೂ ಮುಡಿದು ಬರುವುದು ವಾಡಿಕೆ. ಅಂದು ಎಲ್ಲರೂ ಮಾಸಲು ಬಣ್ಣದ ಸೀರೆಗಳಲ್ಲಿದ್ದರು; ಯಾರ ಮುಡಿಯಲ್ಲೂ ಹೂವಿರಲಿಲ್ಲ. ಗಂಡಸರು ಹೆಗಲ ವಲ್ಲಿಯನ್ನು ಕೈಗೆ ತೆಗೆದುಕೊಂಡು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹಿರಿಯರು ಸೇವಂತಿಗೆಯ ಹಾರವನ್ನು ಬಾಳೆಲೆಯಲ್ಲಿ ಸುತ್ತಿಟ್ಟುಕೊಂಡು ಕುಳಿತಿದ್ದರು. ಅವರು ಸ್ವಲ್ಪ ಹೊತ್ತು ವೇದಿಕೆಯನ್ನು ನೋಡಿ ನನ್ನ ಕಡೆ ಬಾಗಿದರು.

"ಫೋಟೋ ಎಲ್ಲಿ ಇಟ್ಟಾರ್ರಿ?"

"ಯಾರ ಫೋಟೋ?" ಎಂದೆ.

"ಅವ್ರದೇರಿ, ಸ್ಕಾಟ್ಲೆಂಡಿನೋರದು. ವಯಸ್ಸಾಗಿತ್ತಾ ಹೆಂಗೆ?"

ಅವರ ಆಚೆ ಕುಳಿತಿದ್ದ ಹೆಂಗಸು, "ಇಸ್ಕೂಲಿಗೆ ಏನೋ ದಾನ ಕೊಟ್ಟಿದ್ದೋರು ಇರಬೇಕು ಬಿಡ್ರಿ ಮಾವಾರೆ, ಇಲ್ಲಾಂದ್ರೆ ಇವ್ರು ಯಾಕೆ ಮಾಡ್ತಿದ್ರು" ಎಂದು ಸಮಾಧಾನ ಹೇಳಿ, ನನ್ನತ್ತ ತಿರುಗಿ, "ಊಟಕ್ಕೆ ವಡೆ ಮಾಡ್ಸ್ಯಾರಾ, ಗೊತ್ತೇನ್ರಿ?" ಎಂದು ಕೇಳಿದಳು.

ಹಿರಿಯರ ಜೇಬಿನಲ್ಲಿ ಮಡಿಸಿಟ್ಟಿದ್ದ ಆಹ್ವಾನಪತ್ರಿಕೆಯನ್ನು ಬೇಡಿ ತೆಗೆದುಕೊಂಡೆ. ಕಾಗದ ಚೆನ್ನಾಗಿತ್ತು. ಅಲ್ಪವಿರಾಮಗಳು ಇರಬೇಕಾದಲ್ಲೇ ಇದ್ದವು. ನಡುವೆ, ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ, 'ಸ್ಕಾಟ್ಲೆಂಡಿನ ತಿಥಿಗೊಳಲು' ಎಂದಿತ್ತು. ಅದರ ಕೆಳಗೆ, ತಾವೆಲ್ಲರೂ ಸಕುಟುಂಬ ಸಪರಿವಾರ ಆಗಮಿಸಬೇಕು ಎಂದಿತ್ತು. ಸತ್ತವರ ಹೆಸರಿನಲ್ಲಿ ಮಾಡುವ ತಿಥಿ. ದಕಾರದ ಜಾಗದಲ್ಲಿ ಥಕಾರ ಕುಳಿತಿತ್ತು, ಹೊಟ್ಟೆಯೊಳಗೆ ಚುಕ್ಕೆಯನ್ನು ಇಟ್ಟುಕೊಂಡು, ಬಹಳ ಅಚ್ಚುಕಟ್ಟಾಗಿ. ನಾನು ಎದ್ದು ವೇದಿಕೆಗೆ ಓಡಿ ಮೈಕು ಹಿಡಿದು ತಿದ್ದಬೇಕಿತ್ತು. ಎದ್ದೂ ಎದ್ದೆ. ಬಾಯಿ ತೆರೆದರೆ ಕೈಕೊಟ್ಟ ಗಂಟಲಿನಿಂದ ಬರೀ ಗಾಳಿ ಹೊರಟಿತೇ ಹೊರತು ದನಿ ಹೊರಡಲಿಲ್ಲ. ಅಷ್ಟರಲ್ಲಿ ರುದ್ರಪ್ಪ ಬಂದುಬಿಟ್ಟರು.

ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರ, ಎಡ ಹೆಗಲಿನಿಂದ ಇಳಿಬಿದ್ದ ಹಸಿರು ಚೌಕುಳಿಯ ಶಾಲು, ಎದೆಯ ಮೇಲೆ ಪದಕಗಳು. ಚೀಲಕ್ಕೆ ಉಸಿರು ತುಂಬಿ, ಕಂಕುಳಿಗೆ ಒತ್ತಿ, ನುಡಿಸತೊಡಗಿದರು. ಮೊದಲ ಕ್ಷಣ ನೂರು ಜೇನುನೊಣಗಳು ಒಟ್ಟಿಗೆ ಎದ್ದಂತಾಯಿತು; ಆಮೇಲೆ ಆ ಝೇಂಕಾರದ ಮೇಲೆ ಒಂದು ರಾಗ ನಡೆದುಬಂತು. ಸಂಗೀತದ ವಿಷಯದಲ್ಲಿ ನಾನು ಏನೂ ಕಲಿಯದವಳು. ಆದರೆ ಉಸಿರು ಎಲ್ಲಿಯೂ ಕಡಿಯದೆ, ವಾಕ್ಯ ಎಲ್ಲಿಯೂ ಮುಗಿಯದೆ, ಪೂರ್ಣವಿರಾಮವೇ ಇಲ್ಲದ ಒಂದು ಮಾತನ್ನು ಅಷ್ಟು ಸ್ಪಷ್ಟವಾಗಿ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಲಂಗ ತೊಟ್ಟು ಸಾಲಾಗಿ ನಿಂತಿದ್ದ ಎಂಟನೆಯ ತರಗತಿಯ ಹುಡುಗರು ಒಬ್ಬರನ್ನೊಬ್ಬರು ಚಿವುಟುವುದನ್ನು ನಿಲ್ಲಿಸಿದರು. ಪಕ್ಕದ ಹಿರಿಯರು ಕಣ್ಣೊರೆಸಿಕೊಂಡರು. ಅವರಿಗೆ ಯಾರು ನೆನಪಾದರೋ ಕೇಳಲಿಲ್ಲ.

ನುಡಿಸಾಣಿಕೆ ಮುಗಿಯಿತು. ರುದ್ರಪ್ಪ ಕಾಲು ಜೋಡಿಸಿ ನೆಟ್ಟಗೆ ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಿಥಿಯ ಮನೆಯಲ್ಲಿ ಚಪ್ಪಾಳೆ ತಟ್ಟುವಷ್ಟು ತಿಳಿಗೇಡಿಗಳು ನಮ್ಮ ಸೀಮೆಯಲ್ಲಿ ಇಲ್ಲ. ಐನೂರು ಜನ ತಲೆ ಬಗ್ಗಿಸಿ ಕುಳಿತಿದ್ದರು. ರುದ್ರಪ್ಪ ಕಾದರು. ನಾನು ಎರಡು ಕೈ ಎತ್ತಿ ತಟ್ಟಿದೆ. ಹತ್ತಿರದವರೆಲ್ಲ ತಿರುಗಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ಹೋಗುವುದಿಲ್ಲ. ಕೈ ಇಳಿಸಿದೆ. ರುದ್ರಪ್ಪ ವಾದ್ಯವನ್ನು ಕೂಸಿನಂತೆ ಎತ್ತಿಕೊಂಡು ಒಳಗೆ ಹೋದರು. ಹಿರಿಯರು ಹಾರವನ್ನು ಯಾರಿಗೆ ಹಾಕುವುದೆಂದು ತಿಳಿಯದೆ ಮೈಕಿನ ಕಂಬಕ್ಕೆ ಹಾಕಿ ಕೈಮುಗಿದು ನಡೆದರು. ಬಂದವರಲ್ಲಿ ಬಹುಪಾಲು ಜನ ಮನೆಗೆ ಹೋಗಿ ಸ್ನಾನ ಮಾಡಿಯೇ ಒಳಗೆ ಕಾಲಿಟ್ಟರೆಂದು ಆಮೇಲೆ ತಿಳಿಯಿತು.

ಮಹೇಶ್ವರಪ್ಪನವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಶಾಲೆಯಲ್ಲಿ ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ?" ಎಂದು ನಾನೇ ಕೇಳಿದೆ. "ಬಂತು ಮೇಡಂ. ಹೆಡ್‌ಮಾಸ್ಟ್ರು ಕೇಳಿದ್ರು. ನಿಮ್ಮ ಹೆಸರು ಹೇಳಿದೆ. ಮೇಡಂ ನೋಡ್ಯಾರೆ ಅಂದ ಮೇಲೆ ನಾವ್ಯಾರ್ರಿ ಕೇಳಾಕೆ, ಅಂದ್ರು." ಅವರು ನಿಟ್ಟುಸಿರುಬಿಟ್ಟು ಮುಂದುವರಿಸಿದರು: "ಈಗ ಬ್ಯಾಂಡ್ ಮೇಷ್ಟ್ರು ಅಂತ ಇವ್ರನ್ನ ತಗಂಡ್ರೆ, ಮಕ್ಕಳಿಗೆ ತಿಥಿ ವಾದ್ಯ ಕಲಿಸ್ತಾರೆ ಅಂತ ಪೇರೆಂಟ್ಸು ಟಿ.ಸಿ. ಕೇಳ್ತಾರೆ. ಈ ವರ್ಷ ಬ್ಯಾಡ. ಮುಂದೆ ನೋಡಾಣ." ನಮ್ಮ ಕಡೆ 'ಮುಂದೆ ನೋಡಾಣ' ಎಂಬುದು ಭವಿಷ್ಯತ್ಕಾಲದ ಕ್ರಿಯಾಪದವಲ್ಲ, ನಿಷೇಧಾರ್ಥಕ.

ಮರುದಿನ ಮಂಜುನಾಥನ ಅಂಗಡಿಗೆ ಹೋದೆ. ಇಪ್ಪತ್ತನಾಲ್ಕು ವರ್ಷದ ಕೋಪವನ್ನು ಜೊತೆಗೆ ಕೊಂಡೊಯ್ದಿದ್ದೆ. ಅವನು ನನ್ನ ಹಾಳೆಯನ್ನು ತೆಗೆದು ಮುಂದಿಟ್ಟ. ಅದರಲ್ಲಿ ನನ್ನ ದುಂಡಗಿನ ಅಕ್ಷರಗಳಲ್ಲಿ 'ತಿದಿ' ಎಂದೇ ಇತ್ತು.

"ಓದಲು ಬಂತಲ್ಲವೇ?" ಎಂದೆ.

"ಬಂತು ಟೀಚರ್."

"ಮತ್ತೆ?"

"ತಿದಿ ಅಂದ್ರೆ ಏನೂಂತ ಗೊತ್ತಾಗಲಿಲ್ಲ ಟೀಚರ್. ನಮ್ಮನ್ಯಾಗೆ ಎಲ್ಲಾರೂ ಬಾಯಾಗೆ ತಿತಿ, ತಿದಿ ಅಂತಾನೇ ಅನ್ನೋದು. ನಮ್ಮಜ್ಜಿ ತಿತಿಗೆ ವಡೆ ಸುಟ್ಟೀವಿ ಬಾ ಅಂತಾರೆ. ನೀವೇ ಹೇಳಿಕೊಟ್ಟಿದ್ರಲ್ಲ, ಬಾಯಾಗೆ ಬಂದಂಗೆ ಬರೀಬಾರ್ದು, ಅನುಮಾನ ಬಂದ್ರೆ ಮಹಾಪ್ರಾಣ ಹಾಕಿ ನೋಡ್ರಿ, ಅರ್ಥ ಬಂದ್ರೆ ಅದೇ ಸರಿ ಅಂತ. 'ದಿ'ಗೆ ಹಾಕಿದೆ, ಅರ್ಥ ಬರಲಿಲ್ಲ. 'ತಿ'ಗೆ ಹಾಕಿ ನೋಡಿದೆ. ಅರ್ಥ ಬಂತು."

ಅವನ ಮುಖದಲ್ಲಿ ಕಳ್ಳತನದ ಎಳೆಯೂ ಇರಲಿಲ್ಲ. ಪಾಠ ಒಪ್ಪಿಸಿದ ಹುಡುಗನ ನಿಶ್ಚಿಂತೆ ಇತ್ತು. "ಸ್ಕಾಟ್ಲೆಂಡಿನಾಗೆ ತಿಥಿಗೂ ಊದ್ತಾರೆ ಅಂತ ಮೊಬೈಲಿನಾಗೂ ನೋಡಿ ಖಾತ್ರಿ ಮಾಡ್ಕಂಡೆ ಟೀಚರ್" ಎಂದು ಸೇರಿಸಿದ. ಆ ಸೂತ್ರ ನನ್ನದೇ. ಯಾವ ವ್ಯಾಕರಣಗ್ರಂಥದಲ್ಲೂ ಅದಿಲ್ಲ. 'ವಿದ್ಯಾರ್ತಿ', 'ಅದ್ಯಾಪಕ', 'ದನ್ಯವಾದ' ಎಂದು ಬರೆಯುತ್ತಿದ್ದ ತರಗತಿಗಳನ್ನು ದಡ ಮುಟ್ಟಿಸಲು ನಾನೇ ಹೊಸೆದು, ಕಪ್ಪುಹಲಗೆಯ ಮೂಲೆಯಲ್ಲಿ ವರ್ಷವಿಡೀ ಅಳಿಸದೆ ಇಡುತ್ತಿದ್ದ ಸೂತ್ರ. ಮೂರು ಊರುಗಳಲ್ಲಿ ಎಷ್ಟು ಸಾವಿರ ಮಕ್ಕಳ ತಲೆಯಲ್ಲಿ ಅದು ಈಗಲೂ ಕೆಲಸ ಮಾಡುತ್ತಿದೆಯೋ ಎಂದು ಯೋಚಿಸಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಮಂಜುನಾಥ ಚಹ ತರಿಸಿದ.

ನಾನು ಸುಮ್ಮನಿರಲಿಲ್ಲ. ಪೋಷಕರಿಗೆ ಹಂಚಲೆಂದು ಒಂದು ಸ್ಪಷ್ಟೀಕರಣ ಬರೆದೆ. ತಿದಿ ಎಂಬ ಪದದ ಮೂಲ, ಆದೇಶಸಂಧಿಯ ಲಕ್ಷಣ, ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಭೇದ, ಎಲ್ಲವನ್ನೂ ಸೇರಿಸಿ ಎರಡೂವರೆ ಪುಟವಾಯಿತು. ಮಹೇಶ್ವರಪ್ಪನವರು ಅದನ್ನು ಪೂರ್ತಿ ಓದಿದರು, ಅವರ ಸಹನೆಗೆ ನಾನು ಕೃತಜ್ಞಳು. ಓದಿ, "ಇದು ಅವ್ರಿಗೆ ಅರ್ಥ ಆಗೋ ಹೊತ್ತಿಗೆ ಅವ್ರ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿರ್ತಾರೆ ಮೇಡಂ" ಎಂದು ಮಡಿಸಿ ವಾಪಸು ಕೊಟ್ಟರು. ಮನೆಯಲ್ಲಿ ಯಜಮಾನರಿಗೆ ತೋರಿಸಿದೆ. ಅವರು ಔಷಧದ ಪೊಟ್ಟಣದ ಒಳಗಿನ ಚೀಟಿಯನ್ನು ನೋಡುವಂತೆ ಕಣ್ಣು ಕಿರಿದಾಗಿಸಿ ನೋಡಿ, "ಅಡ್ಡ ಪರಿಣಾಮ ಏನೇನು ಅಂತ ಬರೆದಿಲ್ವಲ್ಲ" ಎಂದರು.

ಎರಡು ತಿಂಗಳು ಕಳೆದವು. ರುದ್ರಪ್ಪನವರ ಮುಂದೆ ನಿಂತು ತಪ್ಪೊಪ್ಪಿಕೊಳ್ಳದೆ ನನಗೆ ಬಿಡುಗಡೆಯಿಲ್ಲ ಎಂಬುದು ಖಚಿತವಾಗಿತ್ತು. ಹೋಗುವ ಧೈರ್ಯ ಮಾತ್ರ ಖಚಿತವಾಗಿರಲಿಲ್ಲ. ಕಡೆಗೆ ಒಂದು ಭಾನುವಾರ ಬೆಳಿಗ್ಗೆ ಸಾಸ್ವೆಹಳ್ಳಿಯ ಬಸ್ಸು ಹತ್ತಿದೆ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿದೆ, ಕರ್ತೃ ಕರ್ಮ ಕ್ರಿಯಾಪದಗಳ ಸಹಿತ. ಮನೆಯಲ್ಲಿ ಅವರ ಹೆಂಡತಿ ಗಿರಿಜಮ್ಮ ಎಮ್ಮೆಯ ಮೈ ತೊಳೆಯುತ್ತಿದ್ದರು.

"ಬರ್ರಿ ಅಕ್ಕಾರೆ, ಕುಂದ್ರಿ. ಅವ್ರು ಇಲ್ಲ. ತಿಥಿಗೆ ಹೋಗ್ಯಾರೆ."

"ಯಾರು ತೀರಿಕೊಂಡರು?" ಎಂದೆ ಗಾಬರಿಯಿಂದ.

"ಯಾರೋ. ನಮಗೇನು ಗೊತ್ತು. ಊದಾಕೆ ಹೋಗ್ಯಾರೆ. ಈ ತಿಂಗಳು ಇದು ಐದನೇದು."

ನಾನು ಕುಳಿತೆ. ಜೋಡಿಸಿಟ್ಟಿದ್ದ ವಾಕ್ಯಗಳು ಒಂದೊಂದಾಗಿ ಕಳಚಿಕೊಂಡವು. ಗಿರಿಜಮ್ಮ ಹೇಳಿದ್ದಿಷ್ಟು: ಉತ್ಸವ ಮುಗಿದ ಮುಂದಿನ ವಾರವೇ ಆ ಹಾರದ ಹಿರಿಯರು ಮನೆ ಹುಡುಕಿಕೊಂಡು ಬಂದರಂತೆ. ತಮ್ಮ ಹೆಂಡತಿಯ ವರ್ಷದ ತಿಥಿಗೆ ಅದೇ 'ತಿಥಿಗೊಳಲು' ಬೇಕು, ಅಂಥದ್ದನ್ನು ತಾವು ಜನ್ಮದಲ್ಲಿ ಕೇಳಿಲ್ಲ ಎಂದರಂತೆ. ಅಲ್ಲಿ ಕೇಳಿದವರು ಇನ್ನೊಂದು ಕಡೆಗೆ ಕರೆದರು, ಅಲ್ಲಿ ಕೇಳಿದವರು ಮತ್ತೊಂದು ಕಡೆಗೆ. ಈಗ ಹೊನ್ನಾಳಿ, ನ್ಯಾಮತಿ ಎರಡೂ ತಾಲ್ಲೂಕುಗಳಲ್ಲಿ, ತಿಥಿಗೊಳಲು ಇಲ್ಲದಿದ್ದರೆ ಸತ್ತವರಿಗೆ ಏನೋ ಕಡಿಮೆ ಮಾಡಿದಂತೆ ಎನ್ನತೊಡಗಿದ್ದಾರೆ.

ಅಷ್ಟರಲ್ಲಿ ರುದ್ರಪ್ಪನವರ ಮೋಟಾರ್‌ಬೈಕು ಬಂತು. ಅವರು ಇಳಿದು, ಗಂಟನ್ನು ಜಗುಲಿಯ ಮೇಲೆ ಮೆಲ್ಲಗೆ ಇಟ್ಟು ಕೈಮುಗಿದರು. ನಾನು ಎದ್ದು ನಿಂತು, ಉಳಿದಿದ್ದ ಒಂದೇ ವಾಕ್ಯ ಹೇಳಿದೆ: "ನನ್ನಿಂದ ನಿಮ್ಮ ಕೆಲಸ ಹೋಯಿತು."

"ಹೋಗ್ಲಿ ಬಿಡ್ರಿ ಅಕ್ಕಾರೆ. ಅವತ್ತು ಯಾರೂ ಚಪ್ಪಾಳೆ ಹೊಡಿಲಿಲ್ಲ ಅಂತ ಮನಸ್ಸಿಗೆ ಬ್ಯಾಸರ ಆಗಿದ್ದು ನಿಜ. ಒಂದು ವಾರ ಇದನ್ನ ಮುಟ್ಟಲಿಲ್ಲ. ಆಮೇಲೆ ಆ ಹಾರದ ಯಜಮಾನ್ರು ಬಂದು ಕಾರಣ ಹೇಳಿದ್ರು. ಪಲ್ಟನ್ನಿನಾಗೆ ನಮ್ಮೋರು ಯಾರಾದ್ರೂ ತೀರಿಕೊಂಡ್ರೆ ಇದನ್ನೇ ಊದತಿದ್ವಿ. ಅಲ್ಲೂ ಯಾರೂ ಚಪ್ಪಾಳೆ ಹೊಡೀತಿರಲಿಲ್ಲ. ಹಂಗಾದ್ರೆ ಅವತ್ತು ಸರಿಯಾಗೇ ಊದೀನಿ ಅಂತ ಗೊತ್ತಾತು." ಗಿರಿಜಮ್ಮ ತಂದ ನೀರು ಕುಡಿದು ಮುಂದುವರಿಸಿದರು: "ಯಜಮಾನ್ರದು ಹಳೇ ಅಕ್ಕಿ ಗಿರಣಿ ಐತೆ, ನಿಂತು ಬಾಳ ವರ್ಷಾತು. ಅದನ್ನ ಬಿಟ್ಟುಕೊಟ್ಟಾರೆ. ಅವ್ರ ಮೊಮ್ಮಗಳು, ಇನ್ನೂ ಐದು ಮಕ್ಕಳು, ಭಾನುವಾರ ಸಂಜೆ ಕಲಿಯಾಕೆ ಬರ್ತಾರೆ. ಅಲ್ಲಿ ಎಷ್ಟು ಊದಿದ್ರೂ ಯಾರಿಗೂ ತೊಂದ್ರೆ ಇಲ್ಲ."

"ಎಮ್ಮೀಗೂ ತೊಂದ್ರೆ ಇಲ್ಲ" ಎಂದರು ಗಿರಿಜಮ್ಮ.

ಆಮೇಲೆ ರುದ್ರಪ್ಪ ಒಳಗಿನಿಂದ ಒಂದು ತಗಡಿನ ಫಲಕವನ್ನು ತಂದು ಗೋಡೆಗೆ ಒರಗಿಸಿದರು. ಗಿರಣಿಯ ಬಾಗಿಲಿಗೆ ತೂಗುಹಾಕಲು ಮಾಡಿಸಿದ್ದು; ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಳದಿಯ ಮೇಲೆ ಕೆಂಪು ಅಕ್ಷರಗಳಲ್ಲಿ ಹೀಗಿತ್ತು: 'ತಿಥಿಗೊಳಲು ರುದ್ರಪ್ಪ, ಸಾಸ್ವೆಹಳ್ಳಿ'.

"ಈಗ ನನ್ನ ಹಿಂಗೇ ಕರೀತಾರೆ ಅಕ್ಕಾರೆ. ಬಸ್ಸಿನ ಕಂಡಕ್ಟರೂ ಹಿಂಗೇ ಕರೀತಾನೆ. ನೀವು ಕೊಟ್ಟ ಹೆಸರು. ತೂಗುಹಾಕೋ ಮುಂಚೆ ನಿಮಗೆ ತೋರ್ಸ್‌ಬೇಕು ಅಂತಿದ್ದೆ, ನೀವೇ ಬಂದ್ರಿ. ಅಕ್ಷರ ಸರಿ ಐತಾ ನೋಡ್ರಿ. ತಪ್ಪಿದ್ರೆ ಹೇಳ್ರಿ, ಬಣ್ಣ ಹಸಿ ಐತೆ, ಅಳಿಸಿ ಬರೆಸ್ತೀನಿ."

ಗಂಡಹೆಂಡಿರಿಬ್ಬರೂ ನನ್ನ ಮುಖವನ್ನೇ ನೋಡುತ್ತ ನಿಂತರು. ಫಲಕದಲ್ಲಿ ಒಂದಲ್ಲ, ಎರಡು ತಪ್ಪುಗಳಿದ್ದವು. ಥಕಾರದ ಸಂಗತಿ ನಿಮಗೆ ಗೊತ್ತೇ ಇದೆ. ಎರಡನೆಯದು ಇನ್ನೂ ಘೋರ. ತಿಥಿ ಸಂಸ್ಕೃತದ ಪದ, ಕೊಳಲು ಕನ್ನಡದ ಪದ. ಸಂಸ್ಕೃತಕ್ಕೂ ಕನ್ನಡಕ್ಕೂ ಹೀಗೆ ಗಂಟುಹಾಕಿ ಸಮಾಸ ಮಾಡಿದರೆ ಅದನ್ನು ಅರಿಸಮಾಸವೆನ್ನುತ್ತಾರೆ. ಅರಿ ಎಂದರೆ ಶತ್ರು. ನಾನು ಅಷ್ಟು ಶುದ್ಧವಾಗಿ ಹೆತ್ತ ಪದವೊಂದು ತನ್ನ ಶತ್ರುವನ್ನು ಹೆಗಲ ಮೇಲೆ ಹೊತ್ತುಕೊಂಡು, ಕೆಂಪು ಬಣ್ಣದಲ್ಲಿ, ನನ್ನೆದುರಿಗೇ ನಿಂತಿತ್ತು. ಕೈಚೀಲದಲ್ಲಿ ಪೆನ್ನಿತ್ತು. ಥಕಾರವನ್ನು ದಕಾರ ಮಾಡಲು ಬೆರಳಿನಿಂದ ಒರೆಸಿದರೂ ಸಾಕಾಗುತ್ತಿತ್ತು. ಹಾಗೆ ಮಾಡಿದರೆ ಆ ಫಲಕ ಓದಿ ಯಾರೂ ಗಿರಣಿಯ ಬಾಗಿಲು ತಟ್ಟುವುದಿಲ್ಲ ಎಂಬುದನ್ನು ತಿಳಿಯಲು ವ್ಯಾಕರಣ ಬೇಕಾಗಿರಲಿಲ್ಲ.

"ಸರಿಯಾಗಿದೆ" ಎಂದೆ.

ನನ್ನ ದನಿಯಲ್ಲಿ ಆ ಪದವನ್ನು ನಾನು ಅಷ್ಟಾಗಿ ಕೇಳಿದವಳಲ್ಲ. ರುದ್ರಪ್ಪನವರೂ ನಂಬಲಿಲ್ಲವೆಂದು ತೋರುತ್ತದೆ. "ಪೂರ್ತಿ ನೋಡಿದ್ರಾ?" ಎಂದು ಕೇಳಿದರು. ಪೂರ್ತಿ ನೋಡಿದೆ, ಒಂದಕ್ಷರವೂ ಮುಟ್ಟಬೇಡಿ ಎಂದು ಹೇಳಿ, ಗಿರಿಜಮ್ಮ ಕೊಟ್ಟ ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ.

ಬಸ್ಸು ಹೊನ್ನಾಳಿ ತಲುಪುವಷ್ಟರಲ್ಲಿ ಅದಕ್ಕೊಂದು ಆಧಾರವೂ ಹೊಳೆಯಿತು. ಬಿರುದುಗಳಲ್ಲಿ ಅರಿಸಮಾಸ ಬಂದರೆ ದೋಷವಲ್ಲ ಎಂದು ಹಳೆಯ ವ್ಯಾಕರಣವೇ ಒಪ್ಪುತ್ತದೆ. 'ತಿಥಿಗೊಳಲು ರುದ್ರಪ್ಪ' ಎಂಬುದು ಎರಡು ತಾಲ್ಲೂಕುಗಳ ಜನ ಸೇರಿ ಕೊಟ್ಟ ಬಿರುದಲ್ಲದೆ ಮತ್ತೇನು? ಇಪ್ಪತ್ತನಾಲ್ಕು ವರ್ಷ ಅರಿಸಮಾಸದ ಪಾಠ ಮಾಡಿದ್ದೇನೆ. ಈ ವಿನಾಯಿತಿಯ ಸಾಲು ಬಂದಾಗಲೆಲ್ಲ, ಇದು ಪರೀಕ್ಷೆಗೆ ಬರುವುದಿಲ್ಲ, ಬಿಟ್ಟುಬಿಡಿ ಎಂದು ಮಕ್ಕಳಿಗೆ ಹೇಳಿ ಪುಟ ತಿರುವಿದವಳು ನಾನೇ.